ಮಾತಾಡಬಾರದ ಕೋಣೆ

ಆಸ್ಪತ್ರೆಯ ಹಿಂಭಾಗದಲ್ಲಿ, ಬಟ್ಟೆ ಒಗೆಯುವ ಶೆಡ್ಡಿಗೂ ಔಷಧಿ ಉಗ್ರಾಣಕ್ಕೂ ನಡುವೆ ಒಂದು ಉದ್ದನೆಯ ಕೋಣೆಯಿತ್ತು. ಬಾಗಿಲ ಮೇಲೆ ರಕ್ತ ಪರೀಕ್ಷಾ ವಿಭಾಗ ಎಂಬ ಬೋರ್ಡು ಇದ್ದರೂ ಆಸ್ಪತ್ರೆಯವರ ಬಾಯಲ್ಲಿ ಅದು ಮೂಕರ ಕೋಣೆ. ವಾರದಲ್ಲಿ ಒಂದು ಬೆಳಗ್ಗೆ ಅಲ್ಲಿ ಯಾರೂ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಫೋನು ಬಡಿದುಕೊಂಡರೆ ಬಡಿದುಕೊಳ್ಳಲಿ ಎಂದು ಬಿಟ್ಟುಬಿಡುತ್ತಿದ್ದರು. ಹೊರಗಿನಿಂದ ಯಾರಾದರೂ ಬಾಗಿಲು ತಟ್ಟಿದರೆ ಗಾಜಿನಾಚೆ ಒಂದು ಕೈ ಎದ್ದು, ಆಮೇಲೆ ಬಾ ಎಂದು ಗಾಳಿಯಲ್ಲಿ ಬೀಸಿ, ಮತ್ತೆ ಕೆಳಗಿಳಿಯುತ್ತಿತ್ತು.

ಅದು ಅನ್ನನಾಳದ ಕ್ಯಾನ್ಸರಿನ ರಕ್ತ ಪರೀಕ್ಷೆಯ ದಿನ. ಗಂಟಲಿನಿಂದ ಹೊಟ್ಟೆಗೆ ಇಳಿಯುವ ಕೊಳವೆಯ ಒಳಪದರ ಕೆಟ್ಟಾಗ ಅದರಿಂದ ಒಂದು ವಸ್ತು ರಕ್ತಕ್ಕೆ ಸೋರುತ್ತದೆ. ಅದು ಎಷ್ಟಿದೆ ಎಂದು ಅಳೆಯುವುದು ಆ ಕೋಣೆಯ ಯಂತ್ರದ ಕೆಲಸ. ತೊಂದರೆ ಏನೆಂದರೆ, ಅದೇ ವಸ್ತು ಗಟ್ಟಿಮುಟ್ಟಾದ ಮನುಷ್ಯನ ಉಗುಳಿನಲ್ಲೂ ಚರ್ಮದಲ್ಲೂ ಧಾರಾಳವಾಗಿರುತ್ತದೆ. ತೆರೆದ ಟ್ಯೂಬಿನ ಮೇಲೆ ಯಾರಾದರೂ ಮಾತಾಡಿ, ಕಣ್ಣಿಗೆ ಕಾಣದಷ್ಟು ಉಗುಳು ಸಿಡಿದರೂ ಸಾಕು, ಏನೂ ಇಲ್ಲದವನ ರಕ್ತ ರೋಗಿಯ ರಕ್ತದಂತೆ ಕಾಣಿಸುತ್ತದೆ.

ಆ ಕೋಣೆಗೆ ಮೌನದ ನೇಮ ತಂದವರು ಮೇಷ್ಟ್ರು. ಅವರು ಪಾಠಶಾಲೆಯ ಮೇಷ್ಟ್ರಲ್ಲ, ಹಿರಿಯ ಟೆಕ್ನಿಷಿಯನ್. ಬಂದ ಹೊಸಬರಿಗೆಲ್ಲ ಹೇಳಿಕೊಟ್ಟೂ ಹೇಳಿಕೊಟ್ಟೂ ಆ ಹೆಸರು ಅಂಟಿಕೊಂಡಿತ್ತು. ಯಂತ್ರದ ಮುಚ್ಚಳ ತೆಗೆಯುವ ಮುಂಚೆ ಅವರು ಪ್ರತಿ ಸಲವೂ ಒಂದೇ ಮಾತು ಹೇಳುತ್ತಿದ್ದರು:

“ಆರೋಗ್ಯವಾಗಿರೋರ ರಕ್ತದಲ್ಲಿ ಈ ನಂಬರ್ ಏರಿದ್ರೆ ಮೊದಲು ರೋಗ ಹುಡುಕಬೇಡಿ. ಮೊದಲು ನಿಮ್ಮ ಬಾಯಿ ಹುಡುಕಿ.”

ಅವರ ಕೈಕೆಳಗೆ ಪಳಗಿದವರಲ್ಲಿ ಎಲ್ಲರಿಗಿಂತ ಹೆಚ್ಚು ದಿನ ಉಳಿದವಳು ಒಬ್ಬಳಿದ್ದಳು. ತೆಳ್ಳಗೆ, ಎತ್ತರಕ್ಕೆ ಇದ್ದಳು. ರೋಗಿಗಳ ಮಕ್ಕಳು ಅವಳನ್ನು ರಕ್ತದ ಆಂಟಿ ಎನ್ನುತ್ತಿದ್ದರು. ಮನೆಯಲ್ಲಿ ಅಣ್ಣ ಸೂಜಿ ಎಂದು ಕರೆಯುತ್ತಿದ್ದ. ಮಾತಾಡದಿರುವುದು ಉಳಿದವರಿಗೆ ಶಿಕ್ಷೆಯಾದರೆ ಅವಳಿಗೆ ಅದು ಹಬ್ಬ. ಮೂಕರ ಬೆಳಗಿನಲ್ಲಿ ಅವರೆಲ್ಲ ಹುಬ್ಬಿನಲ್ಲೇ ಹರಟೆ ಹೊಡೆಯುತ್ತಿದ್ದರು. ಎಡಹುಬ್ಬು ಏರಿದರೆ ದೊಡ್ಡ ಡಾಕ್ಟರು ಬರುತ್ತಿದ್ದಾರೆ ಎಂದು. ಮೂಗು ಮುಟ್ಟಿಕೊಂಡರೆ ಕ್ಯಾಂಟೀನಿನಲ್ಲಿ ಇವತ್ತು ತಿನ್ನುವಂಥದ್ದೇನೂ ಇಲ್ಲ ಎಂದು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರೆ ಯಾರದೋ ನಂಬರ್ ಏರಿದೆ ಎಂದು. ಆ ಕೊನೆಯದನ್ನು ಯಾರೂ ಕಲಿಸಿದ್ದಲ್ಲ, ತಾನಾಗಿ ಬಂದದ್ದು.

ಚಿಕಿತ್ಸೆ ಪಡೆದವರು ತಿಂಗಳಿಗೊಮ್ಮೆ ರಕ್ತ ಕೊಡಲು ಬರುತ್ತಿದ್ದರು. ನಂಬರ್ ಇಳಿದವರು ಮನೆಗೆ ಹೋಗಿ ಬಾಳುವೆ ಮಾಡುತ್ತಿದ್ದರು, ಇಳಿದದ್ದು ಮತ್ತೆ ಏರಿದವರು ಸ್ವಲ್ಪ ದಿನದಲ್ಲೇ ಬರುವುದನ್ನು ನಿಲ್ಲಿಸುತ್ತಿದ್ದರು. ಹೀಗೆ ಎಷ್ಟೋ ಜನರ ಹಣೆಬರಹ ಅವರಿಗಿಂತ ಮುಂಚೆ ಅವಳಿಗೆ ತಿಳಿಯುತ್ತಿತ್ತು. ಕಾರಿಡಾರಿನಲ್ಲಿ ಎದುರಾಗಿ, “ಈಗ ಊಟ ಸೇರ್ತಿದೆ ಆಂಟಿ” ಎಂದು ನಗುವವರ ಮುಂದೆ ಅವಳು ನಕ್ಕು, ಕಣ್ಣು ತಪ್ಪಿಸಿ, ಗೋಡೆಯ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದಳು.

ಅವಳ ಅಣ್ಣ ಇದಕ್ಕೆ ತದ್ವಿರುದ್ಧ. ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಯಾವ ಬಸ್ಸು ಯಾವ ಅಂಕಣದಲ್ಲಿ ನಿಂತಿದೆ ಎಂದು ಕೂಗಿ ಹೇಳುವುದು ಅವನ ಕೆಲಸ. ಊರಿಗೆ ಅವನು ರೇಡಿಯೊ. ಹೇಳಬೇಕಾದ್ದನ್ನು ಹೇಳಿ ಮುಗಿಸುವ ಜಾತಿಯವನೇ ಅಲ್ಲ. “ನದಿಯಾಚೆ ಹೋಗುವ ಬಸ್ಸು ಹೊರಡುತ್ತಿದೆ, ನೀಲಿ ಅಂಗಿಯವರೇ, ಕಡಲೆಕಾಯಿ ಆಮೇಲೆ ತಿನ್ನಬಹುದು, ಮೊದಲು ಹತ್ತಿ” ಎಂದರೆ ನಿಲ್ದಾಣವೆಲ್ಲ ನೀಲಿ ಅಂಗಿಯವನನ್ನು ಹುಡುಕಿ ನಗುತ್ತಿತ್ತು. ಗಂಟಲಿಗೆ ದಣಿವಾದಾಗಲೆಲ್ಲ ಅವನಿಗೆ ಚಹಾ ಬೇಕು. ಅದೂ ಒಲೆಯಿಂದ ಇಳಿಸಿದ್ದನ್ನು ಇಳಿಸಿದ ಹಾಗೇ. ಬೇರೆಯವರು ಲೋಟ ಹಿಡಿಯಲಾರದೆ ಕೈ ಬದಲಾಯಿಸುತ್ತಿರುವಾಗ ಇವನು ಎರಡು ಗುಟುಕಿಗೆ ಮುಗಿಸಿ ಲೋಟ ಕೆಳಗಿಡುತ್ತಿದ್ದ. “ಊದಿಕೊಂಡು ಕುಡಿಯೋಕೆ ಅದೇನು ಗಾಯವಾ?” ಎನ್ನುತ್ತಿದ್ದ.

ಅವಳಿಗೆ ಚಿಕ್ಕಂದಿನಲ್ಲಿ ಮಾತೇ ಹೊರಡುತ್ತಿರಲಿಲ್ಲ. ಅಪ್ಪ ಬೇಗ ತೀರಿಕೊಂಡ. ಅಮ್ಮ ಹಾಸಿಗೆ ಹಿಡಿದಳು. ಶಾಲೆಗೆ ಸೇರಿಸುವಾಗ ಹೆಸರು ಕೇಳಿದರೆ ಅವಳು ಅಣ್ಣನ ಅಂಗಿಯ ತುದಿ ಹಿಡಿದುಕೊಂಡು ನೆಲ ನೋಡಿದಳಂತೆ. ಆ ದಿನದಿಂದ ಅವಳ ಪಾಲಿನ ಮಾತನ್ನೂ ಅವನೇ ಆಡತೊಡಗಿದ. ಅಂಗಡಿಯಲ್ಲಿ, ಶಾಲೆಯಲ್ಲಿ, ಕೊನೆಗೆ ಲ್ಯಾಬಿನ ತರಬೇತಿಗೆ ಅವಳನ್ನು ಸೇರಿಸಿದ ದಿನವೂ ಪ್ರಿನ್ಸಿಪಾಲರ ಎದುರು ಕೂತು, “ಇವಳು ಮಾತಾಡಲ್ಲ ಸರ್, ಆದ್ರೆ ಕೈ ನಡುಗಲ್ಲ” ಎಂದವನು ಅವನೇ. ಅವಳಿಗೆ ಕೆಲಸ ಸಿಕ್ಕ ಮೇಲೂ ಅಣ್ಣನ ಮನೆಯ ಮಹಡಿಯ ಕೋಣೆಯನ್ನು ಅವಳು ಬಿಡಲಿಲ್ಲ. ಅತ್ತಿಗೆಯೂ ಬಿಡಗೊಡಲಿಲ್ಲ. “ನೀನೂ ಹೋದ್ರೆ ಇವರ ಮಾತನ್ನ ನಾನೊಬ್ಬಳೇ ಕೇಳಬೇಕಾಗುತ್ತೆ ಕಣೇ” ಎನ್ನುತ್ತಿದ್ದಳು.

ಆಸ್ಪತ್ರೆಯ ದೊಡ್ಡ ಡಾಕ್ಟರು ಒಂದು ಅಧ್ಯಯನ ಶುರುಮಾಡಿದರು. ಅನ್ನನಾಳದ ಕ್ಯಾನ್ಸರ್ ಇರುವವರ ರಕ್ತ ಒಂದು ಕಡೆ, ಏನೂ ಇಲ್ಲದವರ ರಕ್ತ ಇನ್ನೊಂದು ಕಡೆ. ಎರಡನ್ನೂ ಅಳೆದು, ಎಲ್ಲಿ ಗೆರೆ ಎಳೆದರೆ ರೋಗ ಮೊದಲೇ ಗೊತ್ತಾಗುತ್ತದೆ, ಯಾರು ಉಳಿಯುತ್ತಾರೆ ಯಾರು ಉಳಿಯಲಾರರು ಎಂಬುದನ್ನು ಆ ನಂಬರ್ ಎಷ್ಟರ ಮಟ್ಟಿಗೆ ಹೇಳಬಲ್ಲದು ಎಂದು ನೋಡುವುದು ಅವರ ಉದ್ದೇಶ. ರೋಗಿಗಳಿಗೇನೂ ಬರವಿರಲಿಲ್ಲ, ಏನೂ ಇಲ್ಲದವರೇ ಸಿಗುತ್ತಿರಲಿಲ್ಲ. ಚೆನ್ನಾಗಿರುವ ಮನುಷ್ಯ ಸುಮ್ಮಸುಮ್ಮನೆ ತೋಳು ಚಾಚುತ್ತಾನೆಯೇ? ಕೊನೆಗೆ ಡಾಕ್ಟರು, ಸಿಬ್ಬಂದಿಯವರೇ ತಮ್ಮ ಮನೆಯವರನ್ನು ಕರೆತರಲಿ ಎಂದರು.

ಅವಳು ರಾತ್ರಿ ಊಟದ ಹೊತ್ತಿಗೆ ವಿಷಯ ತೆಗೆದಳು.

“ಅಣ್ಣ, ಆಸ್ಪತ್ರೆಗೆ ಆರೋಗ್ಯವಾಗಿರೋರು ಬೇಕಂತೆ.”

“ಎಲ್ಲಾ ಆಸ್ಪತ್ರೆಗೂ ರೋಗಿಗಳು ಬೇಕು, ನಿಮ್ಮದಕ್ಕೆ ಮಾತ್ರ ಆರೋಗ್ಯವಂತರು ಬೇಕಾ? ವ್ಯಾಪಾರ ಹೆಂಗೆ ನಡೆಯುತ್ತೆ?” ಎಂದು ಅವನು ನಕ್ಕ. ಆಮೇಲೆ ಎದೆ ಉಬ್ಬಿಸಿ ಹೆಂಡತಿಯ ಕಡೆ ನೋಡಿದ. “ಕೇಳಿದೆಯಾ? ಊರಿಗೆಲ್ಲ ತೋರಿಸೋಕೆ ಒಬ್ಬ ಗಟ್ಟಿ ಮನುಷ್ಯ ಬೇಕಂತೆ. ಹುಡುಕಿಕೊಂಡು ನಮ್ಮನೆಗೇ ಬಂದಿದಾರೆ.”

“ಗಟ್ಟಿ ಇರೋದು ಬಾಯಿ ಒಂದೇ. ಅದನ್ನ ಅಳೆಯೋ ಮೆಷಿನ್ ಇದ್ರೆ ಕರೆದುಕೊಂಡು ಹೋಗು” ಎಂದಳು ಅತ್ತಿಗೆ.

ಅವನು ಬಂದದ್ದು ಮೂಕರ ಬೆಳಗ್ಗೆಯೇ, ಗರಿಗರಿ ಅಂಗಿ ತೊಟ್ಟು, ಕೂದಲಿಗೆ ನೀರು ಸವರಿ ಬಾಚಿಕೊಂಡು. ರಕ್ತ ತೆಗೆಯುವ ಕುರ್ಚಿಯಲ್ಲಿ ಕೂತವನೇ ಎಲ್ಲರನ್ನೂ ಮಾತಾಡಿಸಿದ. ಯಾರೂ ಉತ್ತರ ಕೊಡಲಿಲ್ಲ. ಅವಳು ತುಟಿಯ ಮೇಲೆ ಬೆರಳಿಟ್ಟು ತೋರಿಸಿದಳು.

“ಇದೇನು ಸೂಜಿ, ಸತ್ತ ಮನೆ ಹಾಗಿದೆ?” ಎಂದು ಅವನು ಪಿಸುಗುಟ್ಟಿದ. ಅವನ ಪಿಸುಮಾತು ಕಾರಿಡಾರಿನ ಆ ತುದಿಗೂ ಕೇಳಿಸುವಂಥದ್ದು.

ನುಂಗಲು ಏನಾದರೂ ತೊಂದರೆ ಇದೆಯೇ ಎಂದು ಪ್ರತಿಯೊಬ್ಬರನ್ನೂ ಕೇಳಬೇಕಿತ್ತು. ಅವಳು ಮಾಸ್ಕಿನ ಒಳಗಿನಿಂದಲೇ ಮೆಲ್ಲಗೆ ಕೇಳಿದಳು.

“ನಿಮ್ಮತ್ತಿಗೆ ಮಾತೊಂದು ಬಿಟ್ರೆ ಎಲ್ಲಾ ಇಳಿಯುತ್ತೆ ಅಂತ ಬರ್ಕೊ.”

ಅವಳಿಗೆ ನಗು ತಡೆಯಲಾಗಲಿಲ್ಲ. ಕೈ ನಡುಗದವಳ ಕೈ ಅಂದು ಚೂರು ಜಾರಿತು. ಅಣ್ಣನ ನರ ಒಳಗೆ ಹೊರಳಿ ತಪ್ಪಿಸಿಕೊಂಡಿತು. ನೇರ ಟ್ಯೂಬಿಗೆ ಇಳಿಸಲಾಗದೆ, ಸಿರಿಂಜಿನಲ್ಲಿ ಬಂದಷ್ಟು ಎಳೆದು, ಟ್ಯೂಬಿನ ಮುಚ್ಚಳ ಬಿಚ್ಚಿ ಅದಕ್ಕೆ ಸುರಿದಳು. ಅರ್ಧ ಟ್ಯೂಬೂ ಆಗಲಿಲ್ಲ. ಸುರಿಯುತ್ತಿರುವಾಗ ಅವನು ಮುಂದಕ್ಕೆ ಬಾಗಿ ಟ್ಯೂಬಿನೊಳಗೆ ಇಣುಕಿ, “ಇಷ್ಟೇನಾ? ನನ್ನದು ಇನ್ನೂ ಕೆಂಪಗಿರುತ್ತೆ ಅಂದುಕೊಂಡಿದ್ದೆ” ಎಂದ. ಮೇಷ್ಟ್ರು ಆ ಕಡೆಯಿಂದ ಬಂದು ಅವನ ಭುಜ ಹಿಡಿದು ಹಿಂದಕ್ಕೆ ಸರಿಸಿದರು. ಅವಳು ಟ್ಯೂಬಿಗೆ ಅಂಟಿಸಿದ ಚೀಟಿ ಸೊಟ್ಟಗೆ ಕೂತಿತು. ಅದರ ಮೇಲೆ ಹೆಸರಿಲ್ಲ, ಬರೀ ಗುರುತಿನ ಅಂಕಿ; ಅಧ್ಯಯನದ ಕ್ರಮವೇ ಹಾಗೆ. ಆದರೆ ಅರ್ಧ ತುಂಬದ, ಸೊಟ್ಟ ಚೀಟಿಯ ಆ ಟ್ಯೂಬನ್ನು ಅವಳು ಎಲ್ಲಿ ಕಂಡರೂ ಗುರುತಿಸುವಂತಿತ್ತು.

ಯಂತ್ರ ಅದನ್ನು ಅಳೆದಾಗ ಮೇಷ್ಟ್ರು ಕನ್ನಡಕ ತೆಗೆದರು.

ಅವಳು ಎದ್ದು ಹೋಗಿ ಪರದೆ ನೋಡಿದಳು. ಚೆನ್ನಾಗಿರುವವರ ಸಾಲಿನಲ್ಲಿ ಒಂದೇ ಒಂದು ಅಂಕಿ ಉಳಿದೆಲ್ಲದರ ತಲೆಯ ಮೇಲೆ ನಿಂತಿತ್ತು. ಮೇಷ್ಟ್ರು ಟ್ಯೂಬನ್ನು ಬೆಳಕಿಗೆ ಹಿಡಿದು, ಸೊಟ್ಟ ಚೀಟಿ ನೋಡಿ, ಅವಳ ಮುಖ ನೋಡಿ, ಐದೂ ಬೆರಳುಗಳನ್ನು ಬಾಯಿಯ ಮುಂದೆ ಬಿಚ್ಚಿ ಮುಚ್ಚಿ ತೋರಿಸಿದರು. ವಟವಟ. ಕೋಣೆಯವರೆಲ್ಲ ಸದ್ದಿಲ್ಲದೆ ನಕ್ಕರು. ಅವಳೂ ನಕ್ಕಳು. ಹಾಗೆ ನಕ್ಕಾಗ ಎದೆಯ ಮೇಲಿನಿಂದ ಏನೋ ಇಳಿದಂತಾಯಿತು. ಆಮೇಲೆ ಎಷ್ಟೋ ದಿನ ಅವಳು ನೆನೆಸಿಕೊಂಡದ್ದು ಆ ಅಂಕಿಯನ್ನಲ್ಲ, ಆ ಹಗುರವನ್ನು.

ಇನ್ನೊಮ್ಮೆ ಅಳೆಯೋಣವೆಂದರೆ ಟ್ಯೂಬಿನಲ್ಲಿ ಮಿಕ್ಕದ್ದು ಸಾಲದು. ಯಂತ್ರ ನಿಂತ ಮೇಲೆ ಮೇಷ್ಟ್ರು ದೊಡ್ಡ ಡಾಕ್ಟರಿಗೆ ಹೇಳಿದರು. ಡಾಕ್ಟರು ನಿಂತಲ್ಲಿಂದಲೇ ಕೇಳಿದರು.

“ತೆಗೆಯುವಾಗ ಮಾತಾಡಿದ್ರಾ?”

“ಮಾತಾಡಿದ್ರಾ ಅಂತ ಕೇಳ್ತೀರಾ ಸರ್? ನಿಲ್ಲಿಸಿದ್ರಾ ಅಂತ ಕೇಳಿ” ಎಂದರು ಮೇಷ್ಟ್ರು.

“ಹಾಗಿದ್ರೆ ಅದು ಕೆಟ್ಟ ಸ್ಯಾಂಪಲ್. ತೆಗೆದುಹಾಕಿ. ಬೇರೆ ಯಾರನ್ನಾದ್ರೂ ಕರೆಸಿ.”

ಮತ್ತೊಮ್ಮೆ ಅವನನ್ನೇ ಕರೆಸಿ ಎಂದು ಯಾರೂ ಹೇಳಲಿಲ್ಲ. ಅವಳ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಗೇಟಿನ ಕಾವಲುಗಾರ ತಾನು ಕೊಡುತ್ತೇನೆಂದು ಅಂಗಿಯ ತೋಳು ಮಡಚಿಕೊಂಡು ನಿಂತಿದ್ದ. ಮಾತು ಕಡಿಮೆಯ ಮನುಷ್ಯ. ನರ ಹಗ್ಗದಷ್ಟು ದಪ್ಪ. ಅವನ ರಕ್ತ ಆ ಜಾಗ ತುಂಬಿತು. ಸೊಟ್ಟ ಚೀಟಿಯ ಟ್ಯೂಬನ್ನು ಅವಳೇ ಹಳದಿ ಕಸದ ಬುಟ್ಟಿಗೆ ಹಾಕಿದಳು.

ಮನೆಯಲ್ಲಿ ಅದು ವಾರಗಟ್ಟಲೆ ನಗೆಯ ಸರಕಾಯಿತು. “ನನ್ನ ಉಗುಳಿಗೆ ಮೆಷಿನ್ನೇ ಬೆದರಿತಂತೆ” ಎಂದು ಅಣ್ಣ ನಿಲ್ದಾಣದಲ್ಲೆಲ್ಲ ಸಾರಿದ. ಅತ್ತಿಗೆ ಮಾತ್ರ ಒಂದು ದಿನ ಪಾತ್ರೆ ತೊಳೆಯುತ್ತಾ ಕೇಳಿದಳು:

“ಇನ್ನೊಂದು ಸಲ ತೆಗೆದು ನೋಡಬಾರದಿತ್ತಾ?”

“ತೆಗೀಬಹುದು ಅತ್ತಿಗೆ. ಅಣ್ಣನ ಬಾಯಿಗೆ ಪ್ಲಾಸ್ಟರ್ ಹಾಕಬೇಕಾಗುತ್ತೆ.”

“ಹಾಕು, ಪುಣ್ಯ ಬರುತ್ತೆ” ಎಂದಳು ಅತ್ತಿಗೆ. ಸ್ವಲ್ಪ ಹೊತ್ತು ಬಿಟ್ಟು, “ಈಚೆಗೆ ಇವರು ತುತ್ತಿಗೊಂದು ಗುಟುಕು ನೀರು ಕುಡೀತಾರೆ” ಎಂದಳು. ನಲ್ಲಿಯ ಸದ್ದಿನಲ್ಲಿ ಆ ಮಾತು ಅವಳ ಕಿವಿಗೆ ಬಿದ್ದಿತ್ತು. ಬಿದ್ದರೂ ಅವಳು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಬೇಸಿಗೆ ಹೋಗಿ ಮಳೆ ಬಂತು, ಮಳೆ ನಿಂತು ಚಳಿ ಬಿತ್ತು. ಅಣ್ಣ ಗಟ್ಟಿ ಪದಾರ್ಥ ಬಿಟ್ಟು ಮೆತ್ತಗಿನದನ್ನು, ಮೆತ್ತಗಿನದು ಬಿಟ್ಟು ತೆಳ್ಳಗಿನದನ್ನು ಕೇಳತೊಡಗಿದ. ಹಲ್ಲು ನೋವೆಂದ. ಗ್ಯಾಸೆಂದ. ವಯಸ್ಸೆಂದ. ಬೆಲ್ಟಿಗೆ ಹೊಸ ತೂತು ಕೊರೆಸಿಕೊಂಡು ಬಂದು, ಹೊಟ್ಟೆ ಕರಗಿಸಿದ್ದೇನೆ ನೋಡು ಎಂದು ಅಂಗಿ ಎತ್ತಿ ತೋರಿಸಿದ. ಒಂದು ಮಧ್ಯಾಹ್ನ ನಿಲ್ದಾಣದ ಮೈಕಿನಲ್ಲಿ ಅವನ ಧ್ವನಿ ನಡುವೆಯೇ ಒಡೆದು ಸೀಳಾಯಿತು. ಜನ ಅದನ್ನೂ ತಮಾಷೆ ಎಂದುಕೊಂಡು ನಕ್ಕರು. ಅವನು ಮೈಕು ಆರಿಸಿ, ಬಹಳ ಹೊತ್ತು ಹಾಗೇ ಕೂತಿದ್ದನಂತೆ.

ಗಂಟಲಿಗೆ ಕ್ಯಾಮೆರಾದ ಕೊಳವೆ ಇಳಿಸಿ ನೋಡಿದರು. ಅನ್ನನಾಳದ ನಡುವೆ ಗಡ್ಡೆ. ಬಳೆಯಂತೆ ಸುತ್ತ ಬೆಳೆದು ದಾರಿಯನ್ನು ಕಿರುಬೆರಳಿನಷ್ಟು ಉಳಿಸಿತ್ತು.

ಈ ಸಲ ಅಣ್ಣ ಬೇರೆ ಸಾಲಿನಲ್ಲಿ ಕೂತ. ರಕ್ತ ತೆಗೆಯುವಾಗ ಒಂದು ಮಾತೂ ಆಡಲಿಲ್ಲ. ಟ್ಯೂಬು ತುಂಬಿತು. ಚೀಟಿ ನೇರವಾಗಿ ಕೂತಿತು. ಯಂತ್ರ ಕೊಟ್ಟ ಅಂಕಿ ಹಳದಿ ಬುಟ್ಟಿಗೆ ಹೋದ ಅಂಕಿಗಿಂತ ಹೆಚ್ಚಾಗಿತ್ತು. ಆದರೆ ಅವಳ ಕಣ್ಣಿಗೆ ಅದು ಅಪರಿಚಿತವಾಗಿರಲಿಲ್ಲ. ಚಿಕ್ಕ ವಯಸ್ಸಿನಲ್ಲಿ ನೋಡಿದವರನ್ನು ದೊಡ್ಡವರಾದ ಮೇಲೆ ನೋಡಿದಂತೆ ಇತ್ತು.

ಅವಳು ದೊಡ್ಡ ಡಾಕ್ಟರ ಕೋಣೆಗೆ ಹೋದಳು. ಹುಟ್ಟಿದಾಗಿನಿಂದ ತನ್ನ ಮಾತನ್ನು ತಾನೇ ಆಡಬೇಕಾಗಿ ಬಂದ ಗಳಿಗೆಗಳು ಅವಳಿಗೆ ಹೆಚ್ಚಿರಲಿಲ್ಲ. ಇದು ಅವುಗಳಲ್ಲಿ ಒಂದು.

“ಸರ್, ಆವತ್ತು ತೆಗೆದುಹಾಕಿದ ಸ್ಯಾಂಪಲ್ ನಮ್ಮಣ್ಣನದು.”

ಅವರಿಗೆ ಕೂಡಲೇ ನೆನಪಾಗಲಿಲ್ಲ. ನೆನಪಾದ ಮೇಲೆ ಪೆನ್ನು ಕೆಳಗಿಟ್ಟರು. ಕೆಟ್ಟ ಮನುಷ್ಯರಲ್ಲ, ಕುರ್ಚಿ ತೋರಿಸಿದರು. ಅವಳು ಕೂರಲಿಲ್ಲ.

“ನೋಡಮ್ಮ, ಈ ಒಂದು ನಂಬರ್ ಇಟ್ಟುಕೊಂಡು ರೋಗ ಇದೆ ಅಂತಾಗಲಿ ಇಲ್ಲ ಅಂತಾಗಲಿ ಹೇಳೋಕಾಗಲ್ಲ. ಅದು ನಿಮಗೂ ಗೊತ್ತು. ಶುರುವಿನಲ್ಲಿ ಎಷ್ಟೋ ಜನರಿಗೆ ಏರೋದೇ ಇಲ್ಲ. ಆವತ್ತಿನದು ನಿಜವಾಗಿ ಉಗುಳೇ ಇರಬಹುದು.”

“ಇಲ್ಲದೇನೂ ಇರಬಹುದು.”

“ಇರಬಹುದು” ಎಂದು ಅವರು ಒಪ್ಪಿಕೊಂಡರು. “ಈಗ ಅದನ್ನ ಹೇಗೆ ತಿಳಿಯೋದು? ಟ್ಯೂಬೇ ಇಲ್ಲವಲ್ಲ.”

“ನಿಮ್ಮ ವರದೀಲಿ ಏನು ಬರೆದಿದೆ ಸರ್?”

ಅವರು ಕಿಟಕಿಯ ಕಡೆ ನೋಡಿದರು. ಆರೋಗ್ಯವಂತರಲ್ಲಿ ಒಬ್ಬರ ನಂಬರೂ ಗೆರೆ ದಾಟಲಿಲ್ಲ ಎಂದು ವರದಿಯಲ್ಲಿತ್ತು. ಅದನ್ನು ಅವಳೂ ಓದಿದ್ದಳು. ಗೋಡೆಯಂತೆ ನೇರವಾಗಿದ್ದ ಆ ವಾಕ್ಯವನ್ನು ಎಲ್ಲರೂ ಮೆಚ್ಚಿದ್ದರು. ಆ ಗೋಡೆಯಲ್ಲಿ ತೆಗೆದುಹಾಕಿದ ಒಂದು ಇಟ್ಟಿಗೆಯ ಜಾಗದಲ್ಲಿ ಕಾವಲುಗಾರ ನಿಂತಿದ್ದ.

“ವರದಿ ಆಗಲೇ ಹೊರಗೆ ಹೋಗಿಬಿಟ್ಟಿದೆಯಮ್ಮ. ಕೆಟ್ಟ ಸ್ಯಾಂಪಲ್ ತೆಗೆಯೋದು ನಿಯಮವೇ. ನಾವ್ಯಾರೂ ತಪ್ಪು ಮಾಡಿಲ್ಲ.”

ಅವರು ಸಮಾಧಾನಕ್ಕೆಂದೇ ಹೇಳಿದರು. ಅವಳಿಗೆ ಆ ಮಾತಿನಷ್ಟು ಕಹಿ ಇನ್ನಾವುದೂ ಅನ್ನಿಸಲಿಲ್ಲ. ಯಾರಾದರೂ ತಪ್ಪು ಮಾಡಿದ್ದರೆ ಬೈಯಬಹುದಿತ್ತು. ತನ್ನದೇ ತಪ್ಪೆಂದು ಯಾರಾದರೂ ಬೆರಳು ತೋರಿಸಿದ್ದರೂ ಆಗುತ್ತಿತ್ತು. ಎಲ್ಲರೂ ನಿಯಮ ಪಾಲಿಸಿದ್ದರು. ಹೊರಗೆ ಬಂದಾಗ ಮೇಷ್ಟ್ರು ಕಾರಿಡಾರಿನಲ್ಲಿ ನಿಂತಿದ್ದರು. ಅವಳನ್ನು ಕಂಡು ಕನ್ನಡಕ ತೆಗೆದು ಒರೆಸತೊಡಗಿದರು. ಅವಳು ಅವರನ್ನು ದಾಟಿಕೊಂಡು ಹೋದಳು.

ಅಂದಿನಿಂದ ಯಂತ್ರದ ಮುಚ್ಚಳ ತೆಗೆಯುವಾಗ ಮೇಷ್ಟ್ರು ತಮ್ಮ ಮಾತನ್ನು ಹೇಳುವುದು ನಿಂತಿತು. ಯಾರದೇ ನಂಬರ್ ಏರಲಿ, ಅವಳು ಹೋಗಿ ಮತ್ತೆ ರಕ್ತ ತೆಗೆದುಕೊಂಡು ಬರುತ್ತಿದ್ದಳು. ಬಸ್ಸು ಹಿಡಿಯಲು ನಿಂತವರನ್ನೂ ಬಿಡುತ್ತಿರಲಿಲ್ಲ. “ಈ ಆಂಟಿಗೆ ಒಂದು ಸಲ ಕೊಟ್ರೆ ಸಾಲಲ್ಲ, ರಕ್ತ ಹೀರ್ತಾಳೆ” ಎಂದು ಬೈಸಿಕೊಂಡಳು. ಮತ್ತೆ ತೆಗೆದದ್ದೆಲ್ಲ ಹೆಚ್ಚುಕಡಿಮೆ ಉಗುಳೇ ಆಗಿರುತ್ತಿತ್ತು. ಪ್ರತಿ ಸಲ ಅದು ಉಗುಳೆಂದು ಗೊತ್ತಾದಾಗ ಉಳಿದವರು ನಿಟ್ಟುಸಿರು ಬಿಡುತ್ತಿದ್ದರು. ಅವಳಿಗೆ ಮಾತ್ರ ಹೊಟ್ಟೆಕಿಚ್ಚಾಗುತ್ತಿತ್ತು. ಬೇರೆಯವರ ಅಣ್ಣಂದಿರಿಗೆ ಅದು ಉಗುಳೇ ಆಗಿತ್ತಲ್ಲ.

ಅಣ್ಣನಿಗೆ ಔಷಧಿ ಏರಿಸಿದರು, ಕಿರಣ ಕೊಟ್ಟರು, ಆಮೇಲೆ ಎದೆ ಸೀಳಿ ಅನ್ನನಾಳವನ್ನು ಕತ್ತರಿಸಿ ತೆಗೆದು, ಹೊಟ್ಟೆಯನ್ನೇ ಮೇಲಕ್ಕೆಳೆದು ಗಂಟಲಿಗೆ ಹೊಲಿದರು. ಅವನು ಉಳಿದ. ಧ್ವನಿ ಉಳಿಯಲಿಲ್ಲ. ಗಾಳಿ ಹೋದ ಚೆಂಡನ್ನು ಒತ್ತಿದಂತೆ ಒಂದು ಸದ್ದು, ಅದರೊಳಗೆ ಮಾತು. ನಿಲ್ದಾಣದಲ್ಲಿ ಹೊಸಬನೊಬ್ಬ ಮೈಕಿನ ಮುಂದೆ ಕೂತ. ಅಣ್ಣ ಕಿಟಕಿಯ ಬಳಿ ಕುರ್ಚಿ ಹಾಕಿಸಿಕೊಂಡು ದೂರದಿಂದ ಬರುವ ಆ ಧ್ವನಿ ಕೇಳುತ್ತಾ, “ಬಸ್ಸಿನ ನಂಬರ್ ಓದ್ತಾನೆ ಅಷ್ಟೆ. ಜನರನ್ನ ನೋಡೋದೇ ಇಲ್ಲ” ಎಂದು ಉಸುರುತ್ತಿದ್ದ.

ತಿಂಗಳಿಗೊಮ್ಮೆ ಅವನ ರಕ್ತ ಅವಳ ಕೈಗೆ ಬರುತ್ತಿತ್ತು. ಆಪರೇಷನ್ನಾದ ಮೇಲೆ ಮೊದಲ ಸಲ ನಂಬರ್ ನೆಲಕ್ಕಿಳಿದಿತ್ತು. ಅವಳು ಮನೆಗೆ ಓಡಿಬಂದು ಮೆಟ್ಟಿಲಲ್ಲೇ ಹೇಳಿದಳು. ಅತ್ತಿಗೆ ಕೂತಲ್ಲೇ ಮುಖ ಮುಚ್ಚಿಕೊಂಡು ಅತ್ತಳು. ಅಂದಿನಿಂದ ಆ ನಂಬರ್ ಮನೆಯ ಇನ್ನೊಬ್ಬ ಸದಸ್ಯನಂತಾಯಿತು. ಹೇಗಿದೆಯಂತೆ, ಎಂದು ಅತ್ತಿಗೆ ಕೇಳುವಳು. ಮಲಗಿದೆ ಅತ್ತಿಗೆ, ಎಂದು ಅವಳು ಹೇಳುವಳು. ಎಬ್ಬಿಸಬೇಡಿ ಪಾಪ, ಎಂದು ಅಣ್ಣ ಉಸುರುವನು.

ಅವನು ಹಳೆಯದನ್ನು ಒಮ್ಮೆಯೂ ಎತ್ತಲಿಲ್ಲ. ಅವಳೂ ಎತ್ತಲಿಲ್ಲ. ಊರಿಗೆಲ್ಲ ಸಾರಿ ನಕ್ಕ ಮಾತು ಅವನಿಗೆ ಮರೆತಿರಲಾರದು. ಕೆಲವೊಮ್ಮೆ ಗಂಜಿಯ ಲೋಟ ಕೊಡುವಾಗ ಅವನ ಕಣ್ಣು ತನ್ನ ಮುಖದ ಮೇಲೆ ಹೆಚ್ಚು ಹೊತ್ತು ನಿಂತಂತೆ ಅವಳಿಗೆ ಅನ್ನಿಸುತ್ತಿತ್ತು. ಕೇಳಿಬಿಡಲಿ ಎಂದು ಕಾದಳು. ಜೀವಮಾನವಿಡೀ ತಂಗಿಯ ಮಾತನ್ನೂ ತಾನೇ ಆಡಿದವನು ಇದೊಂದನ್ನು ಅವಳ ಪಾಲಿಗೇ ಬಿಟ್ಟಿದ್ದ.

ಮತ್ತೆ ಚಳಿ ಬಿದ್ದಾಗ, ಒಂದು ಮೂಕರ ಬೆಳಗ್ಗೆ ಅವಳು ತಾನೇ ಯಂತ್ರದ ಮುಂದಿದ್ದಳು. ಅಣ್ಣನ ಅಂಕಿ ಎದ್ದು ಕೂತಿತ್ತು. ಗೆರೆ ದಾಟಿ ದೂರವೇನೂ ಹೋಗಿರಲಿಲ್ಲ. ಅವಳು ಯಾರ ಕಡೆಯೂ ನೋಡಲಿಲ್ಲ. ಹೊಸ ಕೈಗವಸು ತೊಟ್ಟಳು, ಮಾಸ್ಕಿನ ಮೇಲೆ ಇನ್ನೊಂದು ಮಾಸ್ಕು ಕಟ್ಟಿದಳು, ಉಸಿರು ಬಿಗಿಹಿಡಿದು ಅದೇ ಟ್ಯೂಬಿನಿಂದ ಮತ್ತೆ ಅಳೆದಳು. ಅದೇ ಬಂತು. ಮಧ್ಯಾಹ್ನ ಮನೆಗೆ ಹೋಗಿ, ಹೆಚ್ಚು ರಕ್ತ ಬೇಕಾಯಿತು ಎಂದು ಸುಳ್ಳು ಹೇಳಿ ಹೊಸದಾಗಿ ತೆಗೆದು ತಂದಳು. ಈಗ ತೆಗೆಯುವಾಗ ಅಣ್ಣ ಮುಖವನ್ನು ಗೋಡೆಯ ಕಡೆ ತಿರುಗಿಸಿ, ತುಟಿ ಬಿಗಿದು ಕೂರುತ್ತಿದ್ದ. ಕೋಣೆ ಖಾಲಿಯಾದ ಮೇಲೆ, ಕಿಟಕಿ ಬಾಗಿಲು ಹಾಕಿ ಒಬ್ಬಳೇ ಅದನ್ನು ಅಳೆದಳು. ಕೆಟ್ಟಿರಲಿ, ಕೆಟ್ಟಿರಲಿ ಎಂದು ಬೇಡಿಕೊಂಡಳು. ತನ್ನ ಕೈ ತಪ್ಪಿರಲಿ, ತನ್ನ ಉಗುಳೇ ಬಿದ್ದಿರಲಿ. ಯಂತ್ರ ಗುಣುಗುಣು ಎಂದು, ನಿಂತು, ಅದೇ ಅಂಕಿಯನ್ನು ಕೊಟ್ಟಿತು. ಇಷ್ಟು ಶುದ್ಧವಾದ ಕೆಲಸವನ್ನು ಅವಳು ಆ ಕೋಣೆಯಲ್ಲಿ ಎಂದೂ ಮಾಡಿರಲಿಲ್ಲ.

ಡಾಕ್ಟರು ಸ್ಕ್ಯಾನಿಗೆ ಬರೆದುಕೊಟ್ಟರು. “ಸ್ಕ್ಯಾನಿನಲ್ಲಿ ಈಗಲೇ ಏನೂ ಕಾಣಿಸದೇ ಇರಬಹುದು. ಕೆಲವೊಮ್ಮೆ ನಂಬರ್ ಮುಂದೆ ಓಡುತ್ತೆ” ಎಂದರು. ಅವರು ಈ ಸಲ ಉಗುಳಿನ ಮಾತೆತ್ತಲಿಲ್ಲ. ಈಗ ಎಲ್ಲರೂ ನಂಬರನ್ನು ನಂಬಿದ್ದರು.

ಅವಳು ಮನೆ ತಲುಪಿದಾಗ ಸಂಜೆಯ ಬಿಸಿಲು ಕಿಟಕಿಯ ಸರಳುಗಳ ನೆರಳನ್ನು ಅಣ್ಣನ ಮಡಿಲಿಗೆ ಹಾಕಿತ್ತು. ಪಕ್ಕದ ಸ್ಟೂಲಿನ ಮೇಲೆ ಅವನಿಗೆಂದು ಆರಿಸಿಟ್ಟ ಚಹಾ, ಮೇಲೆ ಕೆನೆಗಟ್ಟಿ ಕೂತಿತ್ತು. ಬಿಸಿ ಅವನಿಗೆ ವರ್ಜ್ಯವಾಗಿತ್ತು. ಅತ್ತಿಗೆ ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದಳು.

ಅವನು ತಿರುಗಿ ತಂಗಿಯ ಮುಖ ನೋಡಿದ. ಅವಳು ಚಪ್ಪಲಿ ಬಿಡುವುದರಲ್ಲಿ ಬೇಕೆಂದೇ ತಡಮಾಡಿದಳು.

“ಎದ್ದು ಕೂತಿದೆಯಾ?” ಎಂದು ಉಸುರಿದ.

ಅವಳು ಚಪ್ಪಲಿಗಳನ್ನು ಗೋಡೆಗೆ ಸಾಲಾಗಿ ಜೋಡಿಸಿಟ್ಟಳು.

ಅವನು ಮತ್ತೆ ಕಿಟಕಿಯ ಕಡೆ ತಿರುಗಿದ. ನಿಲ್ದಾಣದ ಮೈಕು ಯಾವುದೋ ಬಸ್ಸಿನ ನಂಬರ್ ಓದಿ ಸುಮ್ಮನಾಯಿತು.

“ಉಗುಳು ಬಿದ್ದಿರುತ್ತೆ ಬಿಡು, ಸೂಜಿ” ಎಂದ.

ಅದು ಸಮಾಧಾನವೋ ಇರಿತವೋ ಅವಳಿಗೆ ತಿಳಿಯಲಿಲ್ಲ. ಹಳೆಯ ಧ್ವನಿ ಇದ್ದಿದ್ದರೆ ತಿಳಿಯುತ್ತಿತ್ತು. ಗಾಳಿಯಂಥ ಈ ಸದ್ದಿನಲ್ಲಿ ನಗುವಿಗೂ ಸಿಟ್ಟಿಗೂ ಒಂದೇ ಬಣ್ಣ.

“ಇಲ್ಲಣ್ಣ” ಎಂದಳು. “ಈ ಸಲ ನೀನು ಬಾಯಿ ಬಿಟ್ಟಿರಲಿಲ್ಲ.”

“ಆವತ್ತು ಬಿಟ್ಟಿದ್ದೆ.”

“ಹೂಂ.”

“ಆವತ್ತು ಅದು ಏನಾಗಿತ್ತು?”

“ಗೊತ್ತಿಲ್ಲಣ್ಣ. ಗೊತ್ತು ಮಾಡ್ಕೋಬಹುದಿತ್ತು. ಮಾಡ್ಕೊಳ್ಳಲಿಲ್ಲ.”

ಅವನು ಕಿಟಕಿಯ ಸರಳಿನ ಮೇಲೆ ಕೈಯಿಟ್ಟ. ತಲೆಯಾಡಿಸಿದನೋ ಇಲ್ಲವೋ, ನೆರಳು ಅಲುಗಿತೋ. ಪರವಾಗಿಲ್ಲ ಎಂದು ಅವನು ಹೇಳುತ್ತಾನೇನೋ ಎಂದು ಅವಳು ನಿಂತಲ್ಲೇ ನಿಂತಳು. ಅವನು ಹೇಳಲಿಲ್ಲ. ಕೈಚಾಚಿ ಸ್ಟೂಲಿನ ಮೇಲಿದ್ದ ಚಹಾದ ಲೋಟವನ್ನು ಎತ್ತಿ ಅವಳಿಗೆ ಕೊಟ್ಟ.

“ಬಿಸಿ ಮಾಡ್ಕೊಂಡು ಬಾ.”

ಅವಳು ಲೋಟ ಹಿಡಿದು ಅಡುಗೆಮನೆಗೆ ಹೋದಳು. ಚಹಾವನ್ನು ಪಾತ್ರೆಗೆ ಸುರಿದು ಒಲೆ ಹಚ್ಚಿದಳು. ಅತ್ತಿಗೆ ಸೊಪ್ಪು ಬಿಡಿಸುತ್ತಲೇ, “ಸ್ವಲ್ಪ ಬೆಚ್ಚಗಾದ್ರೆ ಸಾಕು, ಇಳಿಸು” ಎಂದಳು. ಅವಳು ಇಳಿಸಲಿಲ್ಲ. ಅಂಚಿನಲ್ಲಿ ಸಣ್ಣ ಗುಳ್ಳೆಗಳು ಕಟ್ಟಿದವು. ಆಮೇಲೆ ನಡುವಿನಿಂದ ಮೇಲೆದ್ದವು. ಅತ್ತಿಗೆಯ ಕೈ ನಿಂತಿತು. ಅವಳು ತಲೆಯೆತ್ತಿ ಮೊದಲು ಪಾತ್ರೆಯನ್ನು, ಆಮೇಲೆ ನಾದಿನಿಯ ಮುಖವನ್ನು ನೋಡಿದಳು. ಚಹಾ ಉಕ್ಕಿ ಬರುವವರೆಗೂ ಇಬ್ಬರೂ ಅದನ್ನೇ ನೋಡುತ್ತಾ ನಿಂತಿದ್ದರು.